ಸಿಹಿನೀರಿನ ತೊಟ್ಟಿ, ಉಪ್ಪುನೀರಿನ ಖರ್ಚು

ಮನೆಯಲ್ಲಿ ಮೀನು ಸಾಕಬೇಕೆಂದು ಹೊರಟವರು ನನ್ನನ್ನು ಕೇಳುವುದು ಒಂದೇ: ಸಿಹಿನೀರಿನ ತೊಟ್ಟಿಗೆ ಎಷ್ಟಾಗುತ್ತದೆ, ಉಪ್ಪುನೀರಿನದಕ್ಕೆ ಎಷ್ಟು? ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಬೆಂಗಳೂರಿನ ನಮ್ಮ ಮನೆಯ ಕಿಟಕಿಯ ಪಕ್ಕ ಗಪ್ಪಿಗಳೂ ಒಂದಿಷ್ಟು ನೀರುಗಿಡಗಳೂ ಬಹುಕಾಲದಿಂದ ಇವೆ. ರೂಪಾಯಿಯ ಲೆಕ್ಕಕ್ಕೆ ಮೊದಲು ನಾನು ಹೇಳುವುದು ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಕಥೆಯನ್ನು. ಈ ಎರಡು ತೊಟ್ಟಿಗಳ ಖರ್ಚು ಯಾಕೆ ಇಷ್ಟು ಬೇರೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ರಾಬರ್ಟ್ ವಾರಿಂಗ್ಟನ್ ಲಂಡನ್ನಿನ ಅಪೋಥೆಕರೀಸ್ ಹಾಲ್‌ನಲ್ಲಿದ್ದ ರಸಾಯನಜ್ಞ. 1849ರಲ್ಲಿ ಆತ ಒಂದು ಗಾಜಿನ ಪಾತ್ರೆಯ ತಳಕ್ಕೆ ಮರಳು, ಕೆಸರು ಹಾಕಿ, ವ್ಯಾಲಿಸ್ನೇರಿಯಾ ಗಿಡ ನೆಟ್ಟು, ಎರಡು ಪುಟ್ಟ ಚಿನ್ನದ ಮೀನು ಬಿಟ್ಟ. ಗಿಡ ಆಮ್ಲಜನಕ ಕೊಟ್ಟಿತು, ನಿಜ. ಆದರೆ ಕೊಳೆತ ಎಲೆಗಳಿಂದ ನೀರು ಕದಡಿ ಗಾಜಿಗೆ ಲೋಳೆ ಹತ್ತಿತು. ಆಗ ಕೊಳದಿಂದ ಬಸವನಹುಳುಗಳನ್ನು ತಂದು ಬಿಟ್ಟ. ಕೊಳೆತದ್ದನ್ನು ಅವು ತಿಂದವು, ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಕೆಮಿಕಲ್ ಸೊಸೈಟಿಯ ಮುಂದೆ ಓದಿದ. ಪಂಪಿಲ್ಲ, ವಿದ್ಯುತ್ತಿಲ್ಲ, ನೀರು ಬದಲಿಸುವ ಕೆಲಸವೂ ಇಲ್ಲ. ಗಾಜಿನ ಮೇಲಿದ್ದ ಅಬಕಾರಿ ಸುಂಕವನ್ನು ಬ್ರಿಟನ್ 1845ರಲ್ಲೇ ತೆಗೆದುಹಾಕಿದ್ದರಿಂದ ಪಾತ್ರೆಯೂ ಅಗ್ಗವಾಗಿತ್ತು. ಇದಕ್ಕಿಂತ ಸೊಗಸಾದ ಪ್ರಯೋಗವನ್ನು ನಾನು ಪಾಠದಲ್ಲಿ ಹೇಳಿದ್ದು ಕಡಿಮೆ.

ಸಮುದ್ರದ ಕಥೆ ಬೇರೆ. 1846ರಲ್ಲಿ ಆ್ಯನಾ ಥಿನ್ ಎಂಬಾಕೆ, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಾದ್ರಿಯೊಬ್ಬರ ಪತ್ನಿ, ಟಾರ್ಕಿ ಊರಿನ ಕಡಲಂಚಿನಲ್ಲಿ ಕಂಡ ಹವಳಜೀವಿಗಳಿಗೆ ಮನಸೋತು ಅವನ್ನು ಲಂಡನ್ನಿಗೆ ತಂದಳು. ದಾರಿಯಲ್ಲಿ ಕುಲುಕಿ ಜಜ್ಜಿಹೋಗಬಾರದೆಂದು ಸೂಜಿ ದಾರದಿಂದ ಅವನ್ನು ಸ್ಪಂಜಿಗೆ ಹೊಲಿದು, ಸಮುದ್ರದ ನೀರು ತುಂಬಿದ ಜಾಡಿಯಲ್ಲಿ ಇಟ್ಟಿದ್ದಳು. ಲಂಡನ್ನಿನಲ್ಲಿ ಹೊಸ ಸಮುದ್ರದ ನೀರು ಎಲ್ಲಿಂದ ಬರಬೇಕು? ಮೊದಲು ಕರಾವಳಿಯಿಂದಲೇ ತರಿಸಿದಳು. ಆಮೇಲೆ ಇದ್ದ ನೀರಿಗೇ ಗಾಳಿ ಕೂಡಿಸುವ ದಾರಿ ಹುಡುಕಿದಳು: ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿಯಬೇಕು, ಒಮ್ಮೆಗೆ ಅರ್ಧ ಮುಕ್ಕಾಲು ಗಂಟೆ. ಸುರಿದವಳು ಮನೆಗೆಲಸದ ಹುಡುಗಿ. ಉಪ್ಪುನೀರಿನ ತೊಟ್ಟಿಯ ಮೊದಲ ಹವಾ ಪಂಪ್ ಎಂದರೆ ಆ ಹುಡುಗಿಯ ತೋಳುಗಳೇ, ಎಂದೇ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅವಳ ಹೆಸರು ಗೊತ್ತಿದ್ದಿದ್ದರೆ ವಾರಿಂಗ್ಟನ್ನನ ಹೆಸರಿನ ಪಕ್ಕದಲ್ಲೇ ಬರೆಯುತ್ತಿದ್ದೆ.

1853ರಲ್ಲಿ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು. ಮರುವರ್ಷ ನಿಸರ್ಗವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್‌ನ ‘ದಿ ಅಕ್ವೇರಿಯಂ’ ಪುಸ್ತಕ ಬಂತು. ಅನುಕೂಲಸ್ಥರ ಮನೆಗಳಿಗೆಲ್ಲ ತೊಟ್ಟಿಯ ಹುಚ್ಚು ಹತ್ತಿತು. ವಿಲಿಯಂ ಆಲ್ಫರ್ಡ್ ಲಾಯ್ಡ್ ಲಂಡನ್ನಿನಲ್ಲಿ ಅಂಗಡಿಯಿಟ್ಟು ತೊಟ್ಟಿ, ಕಡಲಜೀವಿ, ಕೊನೆಗೆ ಸಮುದ್ರದ ನೀರನ್ನೂ ಮಾರಿದ. ನೀರು ತರಿಸಲಾಗದವರಿಗೆ ಗಾಸ್ ಒಂದು ಸೂತ್ರ ಕೊಟ್ಟ: ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಈ ನಾಲ್ಕನ್ನು ತೂಗಿ ನೀರಿಗೆ ಬೆರೆಸುವುದು. ಇಂದು ಡಬ್ಬಿಯಲ್ಲಿ ಬರುವ ಸಮುದ್ರದ ಉಪ್ಪಿನ ಮೂಲ ಅಲ್ಲಿದೆ.

ಆದರೆ ಯಾವ ಅಂಗಡಿಯ ರಸೀದಿಗೂ ಬಾರದ ಖರ್ಚೊಂದಿತ್ತು. ಗಾಸ್‌ನ ಪುಸ್ತಕಗಳನ್ನು ಓದಿದ ಜನ ಉಳಿ, ಸುತ್ತಿಗೆ, ಜಾಡಿ ಹಿಡಿದು ಟಾರ್ಕಿ ಇರುವ ಡೆವನ್ ಕರಾವಳಿಗೆ ಮುಗಿಬಿದ್ದರು. ತಂದೆಯ ಜೊತೆ ಆ ಬಂಡೆಗಳ ನಡುವೆ ಅಲೆದಿದ್ದ ಮಗ ಎಡ್ಮಂಡ್ ಗಾಸ್, 1907ರ ‘ಫಾದರ್ ಅಂಡ್ ಸನ್’ನಲ್ಲಿ, ಆ ಕಡಲಗುಂಡಿಗಳು ಬರಿದಾಗಿ ಹೋದದ್ದನ್ನೂ ಅದು ತಂದೆಗೆ ತಂದ ಸಂಕಟವನ್ನೂ ಬರೆದಿದ್ದಾನೆ. ಆ ಪುಟಗಳು ನನಗೆ ಈಗಲೂ ನೋವು ಕೊಡುತ್ತವೆ.

ಇನ್ನು ಬೆಂಗಳೂರಿನ ಲೆಕ್ಕ. ಸಮುದ್ರದ ನೀರಿನ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. 100 ಲೀಟರಿನ ತೊಟ್ಟಿ ತುಂಬಲು ಮೂರೂವರೆ ಕಿಲೋ. ಹದಿನೈದು ದಿನಕ್ಕೊಮ್ಮೆ 20 ಲೀಟರ್ ಬದಲಿಸಿದರೂ ಪ್ರತಿ ಸಲ 700 ಗ್ರಾಂ, ವರ್ಷಕ್ಕೆ 18 ಕಿಲೋ. ಬರೀ ಅಡುಗೆ ಉಪ್ಪು ನಡೆಯದು. ನಡೆಯುವ ಉಪ್ಪಿಗೆ ಕಿಲೋಗೆ ನೂರಾರು ರೂಪಾಯಿ. ಬೋರ್‌ವೆಲ್ ನೀರಿನ ಗಡಸುತನ ಬಿಡಿಸಲು ಆರ್‌ಒ ಬೇಕು. ಉಪ್ಪುನೀರು ಆಮ್ಲಜನಕವನ್ನು ಸಿಹಿನೀರಿಗಿಂತ ಐದರಲ್ಲೊಂದು ಪಾಲು ಕಡಿಮೆ ಹಿಡಿಯುತ್ತದೆ. ಅದರ ಕ್ಷಾರಗುಣದಿಂದ ಮೀನು ಹೊರಬಿಡುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಹಾಗಾಗಿ ಪಂಪು, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಹಗಲು ರಾತ್ರಿ ಕರೆಂಟು. ನೀರು ಆವಿಯಾದರೆ ಉಪ್ಪು ಉಳಿದು ಗಾಢವಾಗುತ್ತದೆ, ಅದಕ್ಕೆ ದಿನವೂ ಸಿಹಿನೀರು ಸೇರಿಸುತ್ತಿರಬೇಕು. ನನ್ನ ಗಪ್ಪಿ ತೊಟ್ಟಿ ಕೇಳುವುದು ಕ್ಲೋರಿನ್ ಹೋಗಲು ಒಂದು ದಿನ ಬಕೆಟ್ಟಿನಲ್ಲಿಟ್ಟ ನಲ್ಲಿನೀರು, ಒಂದು ಸಣ್ಣ ಸ್ಪಂಜ್ ಫಿಲ್ಟರ್, ಕಿಟಕಿಯ ಬೆಳಕು.

ಆದರೂ ಕಡಲೇ ಬೇಕೆನ್ನುವ ಹುಡುಗರಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಅವರಿಗೆ ಎರಡು ಮಾತು ಹೇಳುತ್ತೇನೆ. ದಂಡೆ ಕಟ್ಟುವ ಹವಳಕ್ಕೂ ಕಡಲ್ಕುದುರೆಗೂ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ 2001ರಿಂದ ರಕ್ಷಣೆ ಕೊಟ್ಟಿದೆ. ಆ್ಯನಾ ಥಿನ್ ಮಾಡಿದ್ದನ್ನು ನೀವು ಮಾಡುವಂತಿಲ್ಲ. ಎರಡನೆಯದು, ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ್ದಾರೆ. ಅಂಗಡಿಯವನು ಬೆಲೆ ಹೇಳುವ ಮೊದಲೇ ಕೇಳಿ: ಇದು ಮರಿ ಮಾಡಿಸಿದ ಮೀನೋ, ಸಮುದ್ರದಿಂದ ಹಿಡಿದು ತಂದದ್ದೋ?