ಅಂಕಿ ಅಳಿಸಿದರೆ ಆಟ ಉಳಿಯುವುದೇ? 2048ರ ಬಗ್ಗೆ ಆಟಗಾರರ ಮಾತುಗಳ ಪರಿಶೀಲನೆ

2014ರ ಮಾರ್ಚ್‌ನಲ್ಲಿ ಇಟಲಿಯ ಗೇಬ್ರಿಯೆಲೆ ಚಿರುಲ್ಲಿ ಎಂಬ ಹತ್ತೊಂಬತ್ತರ ತರುಣ ಒಂದು ವಾರಾಂತ್ಯದಲ್ಲಿ 2048 ಎಂಬ ಆಟವನ್ನು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟರು. ವಾರ ತುಂಬುವಷ್ಟರಲ್ಲಿ ಅದನ್ನು ನೋಡಲು ಬಂದವರು 40 ಲಕ್ಷ ದಾಟಿದ್ದರು. ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲಿನ ಮನೆಗಳು. ಬೆರಳು ಸರಿಸಿದ ದಿಕ್ಕಿಗೆ ಬಿಲ್ಲೆಗಳೆಲ್ಲ ಜಾರುತ್ತವೆ. ಒಂದೇ ಅಂಕಿಯ ಎರಡು ಬಿಲ್ಲೆ ತಾಗಿದರೆ ಕೂಡಿ ಒಂದಾಗುತ್ತವೆ: ಎರಡು 2 ಸೇರಿ 4, ಎರಡು 4 ಸೇರಿ 8. ಹೀಗೆ 2048 ಮುಟ್ಟಬೇಕು.

ಈ ಆಟ ಆಡಿದವರಿಂದ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಮೂರು ಬಗೆಯವು. ಇದು ಲೆಕ್ಕವನ್ನು ಚುರುಕುಗೊಳಿಸುತ್ತದೆ ಎನ್ನುವವರಿದ್ದಾರೆ. ಬಿಲ್ಲೆ ಎಲ್ಲಿ ಬೀಳುತ್ತದೋ ಯಾರಿಗೂ ಗೊತ್ತಿಲ್ಲ, ಎಲ್ಲ ಅದೃಷ್ಟ ಎನ್ನುವವರಿದ್ದಾರೆ. ದೊಡ್ಡ ಬಿಲ್ಲೆಯನ್ನು ಮೂಲೆಗೆ ಹಾಕಿ ಕದಲಿಸದಿದ್ದರೆ ಸಾಕು, ಗೆದ್ದಂತೆಯೇ ಎನ್ನುವವರೂ ಇದ್ದಾರೆ. ಈ ಮೂರನ್ನೂ ಆಟದ ನಿಯಮಗಳ ಎದುರಿಟ್ಟು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಅದೃಷ್ಟದ ಮಾತನ್ನು ಬೇಗ ಮುಗಿಸಬಹುದು. ಪ್ರತಿ ನಡೆಯ ಬಳಿಕ ಖಾಲಿ ಮನೆಯೊಂದರಲ್ಲಿ ಹೊಸ ಬಿಲ್ಲೆ ಹುಟ್ಟುತ್ತದೆ; ನೂರಕ್ಕೆ ತೊಂಬತ್ತು ಸಲ 2, ಹತ್ತು ಸಲ 4. ಇದು ಆಟಗಾರರ ಕೈಯಲ್ಲಿಲ್ಲ ಎಂಬುದು ನಿಜ. ಆದರೆ ಪೋಲೆಂಡಿನ ಸಂಶೋಧಕರಾದ ಷುಬರ್ಟ್ ಮತ್ತು ಯಾಶ್ಕೊವ್‌ಸ್ಕಿ 2014ರಲ್ಲೇ ತನ್ನಷ್ಟಕ್ಕೆ ಆಡಿ ಕಲಿಯುವ ಪ್ರೋಗ್ರಾಂ ಒಂದನ್ನು ರೂಪಿಸಿದ್ದರು. ಮನುಷ್ಯರ ಯಾವ ತಂತ್ರವನ್ನೂ ಹೇಳಿಕೊಡದಿದ್ದರೂ ಅದು ನೂರಕ್ಕೆ 97ಕ್ಕಿಂತ ಹೆಚ್ಚು ಆಟಗಳಲ್ಲಿ 2048 ಮುಟ್ಟಿತು. ಅದೃಷ್ಟವೇ ತೀರ್ಪು ಕೊಡುವ ಆಟದಲ್ಲಿ ಇಂಥ ಫಲಿತಾಂಶ ಬರಲು ಸಾಧ್ಯವಿಲ್ಲ.

ಮೂಲೆಯ ಮಾತಿನಲ್ಲಿ ಹುರುಳಿದೆ, ಅದರ ಕಾರಣ ಮಾತ್ರ ಆಡುವವರ ಬಾಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಕೆಳಗಿನ ಸಾಲಿನಲ್ಲಿ 1024, 512, 256, 128 ಇವೆ, ಅದರ ಮೇಲಿನ ಸಾಲು 128ರ ನೆತ್ತಿಯಿಂದ ಹಿಂದಕ್ಕೆ ತಿರುಗಿ 64, 32, 16, 8 ಎಂದು ಸಾಗುತ್ತದೆ ಎಂದಿಟ್ಟುಕೊಳ್ಳಿ. ಆ ಕೊನೆಯ 8ರ ಮಗ್ಗುಲಿಗೆ ಇನ್ನೊಂದು 8 ಬಂದರೆ ಸಾಕು, ಒಂದರ ಹಿಂದೊಂದು ನಡೆಯಲ್ಲಿ ಸರಪಳಿಯುದ್ದಕ್ಕೂ ಕೂಡುತ್ತ 2048ರವರೆಗೂ ಏರಬಹುದು. ಮೂಲೆಯ ಬಿಲ್ಲೆಗೆ ನೆರೆಮನೆಗಳು ಎರಡೇ. ನಡುವಿನ ಬಿಲ್ಲೆಗೆ ನಾಲ್ಕು. ನಡುವೆ ಕುಳಿತ 1024ರ ಬಿಲ್ಲೆ ಸಣ್ಣ ಬಿಲ್ಲೆಗಳನ್ನು ಒಂದರಿಂದೊಂದು ದೂರವಿಡುತ್ತದೆ, ಮೂಲೆಯಲ್ಲಿದ್ದರೆ ಅಷ್ಟಾಗಿ ಅಡ್ಡಬರುವುದಿಲ್ಲ. ಕೆಳಸಾಲು ತುಂಬಿರದಾಗ ಬೇರೆ ದಾರಿಯಿಲ್ಲದೆ ಪಕ್ಕಕ್ಕೆ ಸರಿಸಿದರೆ ದೊಡ್ಡ ಬಿಲ್ಲೆ ಮೂಲೆ ಬಿಟ್ಟು, ಆ ಜಾಗದಲ್ಲಿ ಒಂದು 2 ಬಂದು ಕೂರಬಹುದು. ಎಷ್ಟೋ ಆಟಗಳು ಹಾಳಾಗುವುದು ಅಲ್ಲೇ.

ಹೀಗಿದ್ದರೂ ಮೂಲೆ ಹಿಡಿದ ಮಾತ್ರಕ್ಕೆ ಗೆಲುವು ಖಚಿತವಲ್ಲ. ಆದರೆ 2048 ತೀರ ಸುಲಭ ಎಂಬ ಕಠಿಣವಾದ ಟೀಕೆಯೂ ಇದೆ; ಅದು ಬಂದದ್ದು ಥ್ರೀಸ್ ಎಂಬ ಇಂಥದೇ ಆಟದ ನಿರ್ಮಾತೃಗಳಾದ ಆಶರ್ ವೋಲ್ಮರ್ ಮತ್ತು ಗ್ರೆಗ್ ವೋಲ್‌ವೆಂಡ್ ಅವರಿಂದ. ಸುಮಾರು ಹದಿನಾಲ್ಕು ತಿಂಗಳು ದುಡಿದು ಅವರು ಆ ಆಟವನ್ನು ಹೊರತಂದದ್ದು 2014ರ ಫೆಬ್ರವರಿಯಲ್ಲಿ, 2048ಕ್ಕೆ ಒಂದು ತಿಂಗಳು ಮೊದಲು. ತಾವು 2048 ಅನ್ನು ಮೊದಲ ಯತ್ನದಲ್ಲೇ ಗೆದ್ದೆವು, ಥ್ರೀಸ್ ಚೆನ್ನಾಗಿ ಆಡುವವರಲ್ಲಿ ಹೆಚ್ಚಿನವರು ಮೂಲೆಯ ತಂತ್ರದಿಂದ ಹಾಗೆಯೇ ಗೆಲ್ಲಬಲ್ಲರು ಎಂದು ಅವರು ಬರೆದರು. ತಮ್ಮ ಆಟ ಥ್ರೀಸ್‌ಗೆ ಹತ್ತಿರದ್ದೆಂದು ಚಿರುಲ್ಲಿ ತಮ್ಮ ಪುಟದಲ್ಲೇ ಹೇಳಿದ್ದರು. ಥ್ರೀಸ್‌ನಲ್ಲಿ ಬಿಲ್ಲೆ ಒಂದು ನಡೆಗೆ ಒಂದೇ ಮನೆ ಸರಿಯುತ್ತದೆ, ಮುಂದೆ ಬರುವ ಬಿಲ್ಲೆಯ ಸುಳಿವು ಮೊದಲೇ ಸಿಗುತ್ತದೆ, 1 ಕೂಡುವುದು 2ರ ಜೊತೆ ಮಾತ್ರ. ಎರಡನ್ನೂ ಆಡಿದವರು ಥ್ರೀಸ್ ಬಿಗಿಯಾಗಿದೆ, 2048 ಸಡಿಲವಾಗಿದೆ ಎಂದರೆ ಅದು ಈ ನಿಯಮಗಳಿಗೆ ಸರಿಹೊಂದುವ ಮಾತು. ಆಟ ಎಷ್ಟು ಕಷ್ಟ ಎಂಬ ವಿಷಯದಲ್ಲಿ ಆಟಗಾರರ ಅಂದಾಜನ್ನು ನಾನು ನಂಬುತ್ತೇನೆ.

ಗೊಂದಲವಿರುವುದು ಲೆಕ್ಕದ ಮಾತಿನಲ್ಲಿ. ಇದಕ್ಕೆ ಸರಳವಾದ ಪರೀಕ್ಷೆಯೊಂದಿದೆ: ಅಂಕಿಗಳನ್ನು ಅಳಿಸಿ ಬೇರೆ ಗುರುತು ಹಾಕಿದರೆ ಆಟ ಉಳಿಯುತ್ತದೆಯೇ? 2048ರ ಮಟ್ಟಿಗೆ ಆಟಗಾರರೇ ಈ ಪರೀಕ್ಷೆ ಮಾಡಿಬಿಟ್ಟಿದ್ದಾರೆ. ಅಂಕಿಯ ಬದಲು ನಾಯಿಯ ಚಿತ್ರಗಳಿದ್ದ ಡೋಜ್ 2048 ಆಗ ಬಹಳ ಜನಪ್ರಿಯವಾಗಿತ್ತು. ನಿಯಮದಲ್ಲಿ ಎಳ್ಳಷ್ಟೂ ಬದಲಾವಣೆ ಬೇಕಾಗಲಿಲ್ಲ. ಆಡುವವರಿಗೆ ಬೇಕಿರುವುದು ಯಾವುದು ಯಾವುದರ ಮುಂದಿನದು ಎಂಬ ಕ್ರಮ ಮಾತ್ರ. 256ನ್ನು 256ಕ್ಕೆ ಕೂಡಿಸುವ ಕೆಲಸ ಯಂತ್ರದ್ದು, ನಮ್ಮದಲ್ಲ. ಥ್ರೀಸ್ ಕೂಡ ಹೆಚ್ಚುಕಡಿಮೆ ಹೀಗೆಯೇ: 1 ನೀಲಿ, 2 ಕೆಂಪು, ಕಣ್ಣು ಬಣ್ಣ ಹಿಡಿದೇ ಜೋಡಿ ಮಾಡಿಕೊಳ್ಳುತ್ತದೆ.

2048ರಲ್ಲಿ ಅಂಕಿಯ ಬೆಲೆ ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ಸಂದರ್ಭವಿದೆ, ಅದು ಆಟಗಾರರ ಗಮನಕ್ಕೆ ಬರುವುದು ಅಪರೂಪ. ಬಿಲ್ಲೆಗಳು ಕೂಡಿದಾಗ ಮಣೆಯ ಒಟ್ಟು ಮೊತ್ತ ಬದಲಾಗುವುದಿಲ್ಲ. ಹೊಸ ಬಿಲ್ಲೆ ಹುಟ್ಟಿದಾಗ ಮಾತ್ರ ಏರುತ್ತದೆ, ಅದೂ ಸರಾಸರಿ 2.2ರಷ್ಟು. ಹಾಗಾಗಿ 2048 ಆಗಲು ಸುಮಾರು 931 ಬಿಲ್ಲೆ ಬೇಕು. 1024 ಬಂದಾಗ ‘ಇನ್ನೇನು ಮುಗಿಯಿತು’ ಎಂದುಕೊಂಡು ಅವಸರಪಟ್ಟು ಸೋಲುವವರು ಬಹಳ. ಲೆಕ್ಕದ ಪ್ರಕಾರ ಆಗ ಆಟ ಸುಮಾರು ಅರ್ಧಕ್ಕೆ ಬಂದಿರುತ್ತದೆ ಅಷ್ಟೇ. ಒಂದೇ 2048 ಮಾಡಿದ ಇಬ್ಬರ ಅಂಕ ಬೇರೆಬೇರೆ ಯಾಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಬರೀ 2ಗಳಿಂದ ಕಟ್ಟಿದ 2048 ತರುವ ಅಂಕ 20,480. ತಾನಾಗಿ ಹುಟ್ಟಿದ ಪ್ರತಿ 4ಕ್ಕೂ ಅದರಲ್ಲಿ ನಾಲ್ಕು ಅಂಕ ಕಡಿಮೆಯಾಗುತ್ತದೆ, ಏಕೆಂದರೆ ಅಂಕ ಸಿಗುವುದು ಬಿಲ್ಲೆ ಕೂಡಿಸಿದ್ದಕ್ಕೆ, ಆ 4ನ್ನು ಆಟಗಾರ ಕೂಡಿಸಿರುವುದಿಲ್ಲ. ಈ ಲೆಕ್ಕ ಬಹಳ ಚೆಂದವಾದದ್ದು, ಆದರೆ ಆಟ ಅದನ್ನು ಯಾರಿಂದಲೂ ಬೇಡುವುದಿಲ್ಲ.

ಬೇಡುವ ಆಟಗಳೂ ಇವೆ. 2009ರ ಡ್ರಾಪ್7ರಲ್ಲಿ 5 ಎಂದು ಬರೆದ ಬಿಲ್ಲೆ ಸಿಡಿಯಬೇಕಾದರೆ ಅದು ಇರುವ ಅಡ್ಡಸಾಲಿನಲ್ಲೋ ಕಂಬಸಾಲಿನಲ್ಲೋ ಒತ್ತಾಗಿ ಐದೇ ಬಿಲ್ಲೆಗಳಿರಬೇಕು. ಅಲ್ಲಿ ಅಂಕಿಯೆಂದರೆ ಎಣಿಕೆ. ನಮ್ಮ ಅಳಗುಳಿ ಮಣೆಯಲ್ಲಿ ಕೈಯಲ್ಲಿನ ಹರಳು ಯಾವ ಗುಳಿಗೆ ಮುಗಿಯುತ್ತದೆಂದು ಮೊದಲೇ ಎಣಿಸಿ ಎತ್ತಿಕೊಳ್ಳುವ ಹಾಗೆ ಇಲ್ಲೂ ಮುಂಗಾಣಬೇಕು. ಜಪಾನಿನ ಶಿಕ್ಷಕ ತೆತ್ಸುಯಾ ಮಿಯಾಮೊತೊ 2004ರಲ್ಲಿ ರೂಪಿಸಿದ ಕೆನ್‌ಕೆನ್ ಇನ್ನೂ ಮುಂದೆ ಹೋಗುತ್ತದೆ. ಆರು-ಆರರ ಚೌಕದಲ್ಲಿ ಎರಡು ಮನೆಯ ಗೂಡಿಗೆ ‘ಗುಣಲಬ್ಧ 12’ ಎಂದಿದ್ದರೆ 2 ಮತ್ತು 6, ಇಲ್ಲವೇ 3 ಮತ್ತು 4. ಮಗ್ಗಿ ಬಾರದವರಿಗೆ ಮೊದಲ ಹೆಜ್ಜೆಯೇ ಇಡಲಾಗದು. ಇವೆರಡರಲ್ಲೂ ಅಂಕಿ ಅಳಿಸಿದರೆ ಆಟವೇ ಇಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಲೇಬೇಕು. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು 11,430 ಜನರ ಆರು ವಾರಗಳ ಮಿದುಳು ತರಬೇತಿಯ ಫಲಿತಾಂಶ ಪ್ರಕಟಿಸಿದರು. ಅಭ್ಯಾಸ ಮಾಡಿದ ಕೆಲಸದಲ್ಲಿ ಜನ ಸುಧಾರಿಸಿದ್ದರು, ಆ ಸುಧಾರಣೆ ಅಭ್ಯಾಸ ಮಾಡದ ಬೇರೆ ಕೆಲಸಗಳಿಗೆ ಹರಿದಿರಲಿಲ್ಲ. ಅವರು ಪರೀಕ್ಷಿಸಿದ್ದು ಈ ಆಟಗಳನ್ನಲ್ಲ. ಆದರೂ 2048 ಆಡಿ ಲೆಕ್ಕ ಚುರುಕಾಯಿತು ಎನ್ನುವವರು ಒಂದರಲ್ಲಿನ ಸುಧಾರಣೆ ಇನ್ನೊಂದಕ್ಕೆ ಹರಿಯುತ್ತದೆಯೇ ಎಂಬ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. ಮಕ್ಕಳಿಗೆ ಬಾಯಿಲೆಕ್ಕ ಕಲಿಸಲೆಂದು ಪರದೆಯ ಮೇಲೆ ಅಂಕಿ ಕಂಡದ್ದನ್ನೆಲ್ಲ ಆರಿಸುವ ಪೋಷಕರು, ಶಿಕ್ಷಕರು ಇದನ್ನು ಗಮನಿಸಬೇಕೆಂಬುದು ನನ್ನ ಕಳಕಳಿ. 2048 ಕೊಡುವುದು ಮುಂದಾಲೋಚನೆಯ, ಜಾಗ ಕಾಯ್ದುಕೊಳ್ಳುವ ಅಭ್ಯಾಸ, ಅದೇನೂ ಸಣ್ಣದಲ್ಲ.

ಮುಂದಿನ ಹೆಜ್ಜೆಯಾಗಿ ಮಾಡಬಹುದಾದ ಪ್ರಯೋಗ ಸುಲಭದ್ದು, 2048ರ ಮೂಲ ಪ್ರೋಗ್ರಾಂ ಎಲ್ಲರಿಗೂ ತೆರೆದೇ ಇದೆ. ಆಟಗಾರರ ಒಂದು ಗುಂಪಿಗೆ ಅಂಕಿಯ ಬಿಲ್ಲೆ, ಇನ್ನೊಂದಕ್ಕೆ ಅ, ಆ, ಇ, ಈ ಬರೆದ ಬಿಲ್ಲೆ ಕೊಟ್ಟು, ಹೊಸ ಬಿಲ್ಲೆಗಳ ಸರದಿಯನ್ನು ಎರಡಕ್ಕೂ ಒಂದೇ ಇಟ್ಟು, ಪ್ರತಿ ನಡೆಗೆ ಹಿಡಿದ ಸಮಯ ಮತ್ತು ತಲುಪಿದ ಬಿಲ್ಲೆ ಎರಡನ್ನೂ ದಾಖಲಿಸಬೇಕು. ಆಟ ಮುಗಿದ ಮೇಲೆ ಎರಡೂ ಗುಂಪಿಗೆ ಒಂದೇ ಪ್ರಶ್ನೆ ಕೇಳಬೇಕು: ಇದರಿಂದ ನಿಮ್ಮ ಲೆಕ್ಕ ಚುರುಕಾಯಿತೆಂದು ಅನ್ನಿಸಿತೇ?