ಹಿಂಡೆನ್‌ಬರ್ಗ್ ದುರಂತದ ಧ್ವನಿಮುದ್ರಣ

ಹಿಂಡೆನ್‌ಬರ್ಗ್ ದುರಂತದ ಧ್ವನಿಮುದ್ರಣವು 1937ರ ಮೇ 6ರಂದು ಜರ್ಮನಿಯ 'ಹಿಂಡೆನ್‌ಬರ್ಗ್' ವಾಯುನೌಕೆಯು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಲೇಕ್‌ಹರ್ಸ್ಟ್‌ನಲ್ಲಿ ಹೊತ್ತಿ ಉರಿದುದರ ಪ್ರತ್ಯಕ್ಷ ವರದಿಯಾಗಿದೆ. ಷಿಕಾಗೋ ನಗರದ ಡಬ್ಲ್ಯೂ.ಎಲ್.ಎಸ್. ಬಾನುಲಿ ಕೇಂದ್ರದ ವರದಿಗಾರ ಹರ್ಬರ್ಟ್ ಮಾರಿಸನ್ ಹಾಗೂ ಧ್ವನಿ ತಂತ್ರಜ್ಞ ಚಾರ್ಲ್ಸ್ ನೇಲ್ಸನ್ ಇದನ್ನು ದಾಖಲಿಸಿದರು. ಇದು ನೇರಪ್ರಸಾರವಾಗಿತ್ತೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ, ವಾಸ್ತವದಲ್ಲಿ ಇದು ಪ್ರಸಾರವಾದದ್ದು ಮರುದಿನ.

ಹಿನ್ನೆಲೆ

ಸುಮಾರು 245 ಮೀಟರ್ ಉದ್ದದ ಈ ವಾಯುನೌಕೆಯಲ್ಲಿ ದಹನಶೀಲವಾದ ಜಲಜನಕವನ್ನು ತುಂಬಲಾಗಿತ್ತು. ಮೇ 3ರಂದು ಫ್ರಾಂಕ್‌ಫರ್ಟ್‌ನಿಂದ ಹೊರಟ ಅದರಲ್ಲಿ 36 ಪ್ರಯಾಣಿಕರೂ 61 ಸಿಬ್ಬಂದಿಯೂ ಇದ್ದರು. ಅದರ ಆಗಮನವನ್ನು ಬಣ್ಣಿಸುವುದಷ್ಟೇ ಮಾರಿಸನ್ನರ ಅಂದಿನ ಕೆಲಸವಾಗಿತ್ತು.

ಮುದ್ರಣ

ವರದಿಯನ್ನು ಮೆರುಗೆಣ್ಣೆ ಲೇಪಿಸಿದ ಡಿಸ್ಕ್‌ಗಳ ಮೇಲೆ ನೇರವಾಗಿ ಕೊರೆಯಲಾಗುತ್ತಿತ್ತು. ಸಂಜೆ 7 ಗಂಟೆ 25 ನಿಮಿಷದ ಸುಮಾರಿಗೆ ನೌಕೆಯ ಹಿಂಭಾಗದಲ್ಲಿ ಬೆಂಕಿ ಕಾಣಿಸಿಕೊಂಡಿತು. ಸ್ಫೋಟದ ಆಘಾತಕ್ಕೆ ಕೊರೆಯುವ ಸೂಜಿ ಡಿಸ್ಕ್‌ನಿಂದ ಮೇಲೆದ್ದಿತು. ನೇಲ್ಸನ್ ಅದನ್ನು ಕೂಡಲೇ ಸ್ವಸ್ಥಾನದಲ್ಲಿರಿಸಿದರು. ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಸಮಯದಲ್ಲಿ ನೌಕೆ ನೆಲಕ್ಕೆ ಕುಸಿಯಿತು. ಅದುವರೆಗೆ ಸಮಾಧಾನದಿಂದ ವಿವರಿಸುತ್ತಿದ್ದ ಮಾರಿಸನ್ ಗದ್ಗದಿತರಾದರು. ಆಗ ಅವರ ಬಾಯಿಂದ ಹೊರಟ 'ಓ, ದ ಹ್ಯುಮಾನಿಟಿ' ಎಂಬ ಉದ್ಗಾರ ಪ್ರಸಿದ್ಧವಾಗಿದೆ. ಮಾತು ಮುಂದುವರಿಸಲಾಗದೆ ಅವರು ನಡುವೆ ವಿರಮಿಸಬೇಕಾಯಿತು. ಬಳಿಕ ಮತ್ತೆ ವರದಿಗೆ ತೊಡಗಿ, ಬದುಕುಳಿದವರ ವಿಷಯವನ್ನೂ ದಾಖಲಿಸಿದರು. ನೌಕೆಯಲ್ಲಿದ್ದ 97 ಮಂದಿಯಲ್ಲಿ 62 ಮಂದಿ ಬದುಕುಳಿದರು. ನೆಲದ ಮೇಲಿದ್ದ ಒಬ್ಬ ಕೆಲಸಗಾರ ಸೇರಿ ಒಟ್ಟು 36 ಮಂದಿ ಮೃತಪಟ್ಟರು.

ಪ್ರಸಾರ

ಆ ಕಾಲದಲ್ಲಿ ಅಮೆರಿಕದ ಬಾನುಲಿ ಜಾಲಗಳು ಮುದ್ರಿತ ಸುದ್ದಿಯನ್ನು ಪ್ರಸಾರ ಮಾಡುತ್ತಿರಲಿಲ್ಲ. ಎನ್‌ಬಿಸಿ ಜಾಲವು ತನ್ನ ನಿಯಮವನ್ನು ಸಡಿಲಿಸಿ ಈ ವರದಿಯ ಆಯ್ದ ಭಾಗಗಳನ್ನು ಮರುದಿನ ದೇಶಾದ್ಯಂತ ಬಿತ್ತರಿಸಿತು.

ಚಲನಚಿತ್ರದೊಂದಿಗೆ ಜೋಡಣೆ

ಸ್ಥಳದಲ್ಲಿದ್ದ ಸುದ್ದಿಚಿತ್ರ ಸಂಸ್ಥೆಗಳ ಛಾಯಾಗ್ರಾಹಕರು ನೌಕೆ ಉರಿದು ಬೀಳುವುದನ್ನು ಚಿತ್ರೀಕರಿಸಿದರು. ಆದರೆ ಬೆಂಕಿ ಹೊತ್ತಿಕೊಂಡ ಕ್ಷಣ ಅವರ ಸುದ್ದಿಚಿತ್ರಗಳಲ್ಲಿ ಸೆರೆಯಾಗಲಿಲ್ಲ. ಮಾರಿಸನ್ನರ ಧ್ವನಿ ಮತ್ತು ಈ ದೃಶ್ಯಗಳು ಪ್ರತ್ಯೇಕವಾಗಿ ದಾಖಲಾದವು. ಇಂದು ಸಾಮಾನ್ಯವಾಗಿ ನೋಡಸಿಗುವ, ಇವೆರಡೂ ಕೂಡಿರುವ ದೃಶ್ಯಾವಳಿಯು ನಂತರದ ಜೋಡಣೆಯಾಗಿದೆ. ಪ್ರಚಲಿತ ಧ್ವನಿಪ್ರತಿಗಳು ಮೂಲಕ್ಕಿಂತ ತುಸು ವೇಗವಾಗಿ ಚಲಿಸುವುದರಿಂದ ಅವರ ಧ್ವನಿ ಸಹಜಕ್ಕಿಂತ ಕೀಚಲಾಗಿ ಕೇಳಿಸುತ್ತದೆ.

ಮಹತ್ವ

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣ ನೋಂದಣಿಯ ಮೊದಲ ಪಟ್ಟಿಗೆ ಇದನ್ನು ಸೇರಿಸಿತು. ಬೆಂಕಿಯ ಮೂಲಕಾರಣದ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯಗಳಿವೆ. ಪ್ರಯಾಣಿಕ ವಾಯುನೌಕೆಗಳ ಮೇಲೆ ಜನರಿಗಿದ್ದ ವಿಶ್ವಾಸವನ್ನು ಕುಂದಿಸುವಲ್ಲಿ ದುರಂತದ ಜೊತೆಗೆ ಅದರ ಧ್ವನಿ ಹಾಗೂ ದೃಶ್ಯಗಳೂ ಪಾತ್ರ ವಹಿಸಿದವು.