ಸಿಕ್ಕಿನೊಳಗಣ ನೂಲು

ವಕ್ಕಲೇರಿಯ ಹೆಸರು ಕೇಳಿದೊಡನೆ ಇತಿಹಾಸಪ್ರಿಯರಿಗೆ ನೆನಪಾಗುವುದು ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ತಾಮ್ರಶಾಸನ. ಕ್ರಿ.ಶ. 757ರ ಆ ಹಲಗೆಗಳು ಇಂದಿಗೂ ಅರಸನ ಮಾತನ್ನು ನುಡಿಯುತ್ತವೆ. ತಾಮ್ರಕ್ಕಿರುವ ಆಯುಷ್ಯ ಬಟ್ಟೆಗಿಲ್ಲ. ಆದರೂ ಹರಿದ ಅರಿವೆಗೂ ಕಸವಾದ ಎಳೆಗೂ ಒಂದು ಚರಿತ್ರೆಯುಂಟು. ಅದನ್ನು ಬರೆದವರು ಅರಸರಲ್ಲ, ಕೈಕಸುಬಿನವರು.

ಕೋಲಾರದ ಸೀಮೆ ಹಿಪ್ಪುನೇರಳೆಯ ಸೀಮೆ. ರೇಷ್ಮೆಯ ಗೂಡೊಂದರಲ್ಲಿ ನೂರಾರು ಮೀಟರು ಉದ್ದದ ಎಳೆಯಿದ್ದರೂ ಅದಷ್ಟೂ ನೂಲಾಗಿ ಬಿಚ್ಚಿಕೊಳ್ಳುವುದಿಲ್ಲ. ಗೂಡಿನ ಹೊರಗಣ ಒರಟು ಎಳೆ, ಒಳಗಣ ತೆಳುಪೊರೆ, ಚಿಟ್ಟೆ ತೂತುಮಾಡಿ ಹೊರಬಂದ ಗೂಡು, ಬಿಚ್ಚುವಾಗ ಕಡಿದ ಸಿಕ್ಕು, ಇವೆಲ್ಲ ಕಸವೆನಿಸುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಇಂಥ ಕಸ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1855ರ ಸುಮಾರಿಗೆ ಲಂಡನ್ನಿನ ಉಗ್ರಾಣವೊಂದರಲ್ಲಿ ಬಿದ್ದಿದ್ದ ಅದರ ರಾಶಿಯನ್ನು ಸ್ಯಾಮ್ಯುಯಲ್ ಲಿಸ್ಟರ್ ಎಂಬ ಬ್ರಾಡ್‌ಫರ್ಡಿನ ಉದ್ಯಮಿ ಅಗ್ಗಕ್ಕೆ ಕೊಂಡನು. ಅದನ್ನು ಬಾಚಿ ನೂಲುವ ಯಂತ್ರವನ್ನು ಹದಕ್ಕೆ ತರಲು ಅವನು ಅನೇಕ ವರ್ಷಗಳನ್ನೂ ಅಪಾರ ಹಣವನ್ನೂ ಕಳೆದನು. ಕೊನೆಗೆ ಆ ಕಸವೇ ಅವನನ್ನು ಸಿರಿವಂತನನ್ನಾಗಿ ಮಾಡಿತು.

ಅದೇ ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ 1813ರಲ್ಲಿಯೇ ಬೆಂಜಮಿನ್ ಲಾ ಎಂಬವನು ಉಣ್ಣೆಯ ಚಿಂದಿಯನ್ನು ಹರಿದು, ಹೊಸ ಉಣ್ಣೆಯೊಡನೆ ಬೆರೆಸಿ ನೂತಿದ್ದನು. ಆ ಉಣ್ಣೆಗೆ 'ಷಾಡಿ' ಎಂದು ಹೆಸರಾಯಿತು. ಇದಕ್ಕೆ ಒದಗಿದ್ದು ಹೆಚ್ಚಾಗಿ ಹೆಣೆದ ಉಡುಪುಗಳ ಚಿಂದಿ. ನೇಯ್ದ ಬಟ್ಟೆಯ ಬಿಗಿ ಹೆಣಿಗೆಗಿಲ್ಲ. ಕುಣಿಕೆಯೊಳಗೆ ಕುಣಿಕೆಯಾಗಿ ನಿಂತ ನೂಲು ಸುಲಭವಾಗಿ ಬಿಡಿಸಿಕೊಂಡು, ಮತ್ತೆ ಎಳೆಯಾಗಿ, ಮತ್ತೆ ಉಡುಪಾಗಬಲ್ಲದು.

ನಮ್ಮ ಕಸವನ್ನು ನಾವೇ ನೂಲುವ ದಿನ ಬಂದುದು 1930ರ ದಶಕದಲ್ಲಿ. ಮೈಸೂರು ಸಂಸ್ಥಾನದ ಚನ್ನಪಟ್ಟಣದಲ್ಲಿ ಸ್ಪನ್ ಸಿಲ್ಕ್ ಗಿರಣಿ ತಲೆಯೆತ್ತಿತು. ಇಂಥ ಗಿರಣಿಯಲ್ಲಿ ಕಸವನ್ನು ಸಾಬೂನಿನ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ, ಬಾಚುತ್ತಾರೆ; ಉದ್ದನೆಯ ಎಳೆಯಿಂದ ನಯವಾದ ನೂಲು, ಬಾಚಣಿಗೆಯಲ್ಲಿ ಉಳಿದ ತುಂಡೆಳೆಯಿಂದ ಗಂಟುಗಂಟಾದ ದಪ್ಪ ನೂಲು. ನೇಯ್ಗೆಗೂ ಸರಿ, ಹೆಣಿಗೆಗೂ ಸರಿ.

ಕಸವೆಂಬುದು ವಸ್ತುವಿನ ಗುಣವಲ್ಲ, ನಮ್ಮ ವಿದ್ಯೆಯ ಮಿತಿ. ಸಿಕ್ಕನ್ನು ಬಿಡಿಸಲು ಬಲ್ಲವನಿಗೆ ಅದು ನೂಲು. ಅರಿಯದವನು ಅದನ್ನು ಅಗ್ಗಕ್ಕೆ ಮಾರಿ, ಅದರದೇ ಬಟ್ಟೆಯನ್ನು ದುಬಾರಿಗೆ ಕೊಳ್ಳಬೇಕಾಗುತ್ತದೆ.